ಗೌಡ್ತಿಯ ಕಾರಿನ ಹೆಡ್ಡು ಮತ್ತು ನನ್ನ ತಂಗಿ

ಗಜೇಂದ್ರಗಡದ ನಮ್ಮ ಮನೆಯಲ್ಲಿ ಎರಡು ನಮೂನೆಯ ನೆಲವಿತ್ತು. ರಸ್ತೆಯ ಕಡೆಯ ಅರ್ಧ ಅಬ್ಬಾ ಅವರ ಗ್ಯಾರೇಜು. ಅಲ್ಲಿ ವರ್ಷಗಟ್ಟಲೆ ಎಣ್ಣೆ ಕುಡಿದು ಡಾಂಬರಿನಂತೆ ಗಟ್ಟಿಯಾದ ಕರಿ ಮಣ್ಣು. ಹಿಂದಿನ ಅರ್ಧ ಮನೆ. ಅಲ್ಲಿ ಅಮ್ಮಿ ದಿನಕ್ಕೆರಡು ಸಲ ಒರೆಸುತ್ತಿದ್ದ ಫರಸಿಕಲ್ಲು. ನಡುವೆ ಒಂದು ಬಾಗಿಲು, ಬಾಗಿಲಿಗೆ ಗೋಣಿತಟ್ಟಿನ ಪರದೆ. ಮಾತೂ ಹಾಗೆಯೇ ಎರಡು ಪಾಲಾಗಿತ್ತು. ಪರದೆಯ ಒಳಗೆ ನಮ್ಮ ಮನೆಯ ಉರ್ದು, ಹೊರಗೆ ಊರಿನ ಕನ್ನಡ. ಇಲ್ಲಿ ನಾನು ಎರಡನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆದರೆ ಒಂದು ವಿಷಯ ಮೊದಲೇ ಹೇಳಬೇಕು. ಅಬ್ಬಾ ನನ್ನ ಜೊತೆ ಯಾವಾಗಲೂ ಒಳಗಿನ ಮಾತನ್ನೇ ಆಡುತ್ತಿದ್ದರು, ಊಟ ಆಯಿತಾ, ಸಾಲಿಗೆ ಹೋದೆಯಾ ಎಂದು. ತಂಗಿ ನಸೀಮಾಳ ಜೊತೆ ಮಾತ್ರ ಹೊರಗಿನ ಕನ್ನಡ ಆಡುತ್ತಿದ್ದರು, ಗದಗಿನ ಲೇಥಿನ ಮಿಸ್ತ್ರಿಗಳ ಜೊತೆ ಆಡುವ ಹಾಗೆ. ಅವಳ ಆಪಾ, ಅಂದರೆ ಅಕ್ಕ, ನಾನು. ನನಗಾಗ ಹದಿಮೂರು, ಅವಳಿಗೆ ಹನ್ನೊಂದು. ಸಾಲಿಯಲ್ಲಿ ನಾನು ವರ್ಗಕ್ಕೇ ಮೊದಲು, ಅವಳು ಮಗ್ಗಿಯಲ್ಲಿ ಏಳು ದಾಟಿದರೆ ತಡವರಿಸುತ್ತಿದ್ದಳು. ಆದರೂ ಪರದೆಯಾಚೆಯಿಂದ ಬರುತ್ತಿದ್ದ ಕೂಗು ಒಂದೇ, ‘ನಸೀಮಾ, ಬಾ ಇಲ್ಲಿ, ಇದನ್ನ ಕೇಳು.’

ಅವಳ ಕಿವಿ ಅಂಥದ್ದು ಎಂದು ಅಬ್ಬಾ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಓಡುವ ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಡಿಕೆಗೆ ಕಿವಿ ಹಚ್ಚಿ, ಯಾವ ಸಿಲಿಂಡರಿನಲ್ಲಿ ಯಾವ ವಾಲ್ವು ಸಡಿಲ ಎಂದು ಅವಳು ಹೇಳಿಬಿಡುತ್ತಿದ್ದಳು. ಅವಳು ಹೇಳಿದ್ದು ಸರಿ ಬಂದಾಗ ಅಬ್ಬಾ ಅಲ್ಲಿದ್ದವರ ಮುಖ ಒಬ್ಬೊಬ್ಬರದಾಗಿ ನೋಡುತ್ತಿದ್ದರು. ನಾನು ಪರದೆಯ ಸಂದಿಯಿಂದ ಅದನ್ನು ನೋಡುತ್ತಿದ್ದೆ. ನನ್ನ ನೂರಕ್ಕೆ ತೊಂಬತ್ತೆಂಟರ ಅಂಕಪಟ್ಟಿಗೆ ಅವರು ಸಹಿ ಮಾಡುವಾಗ ಹಾಗೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೈ ಒರೆಸಿಕೊಂಡು, ಹೆಬ್ಬೆರಳಿನ ಎಣ್ಣೆ ಕಾಗದಕ್ಕೆ ತಾಗದ ಹಾಗೆ ಎಚ್ಚರದಿಂದ ಸಹಿ ಹಾಕಿ, ‘ಶಾಬಾಸ್ ಬೇಟಾ’ ಎಂದು ಹೊರಟುಬಿಡುತ್ತಿದ್ದರು.

ಆ ವರ್ಷ ಅಬ್ಬಿಗೇರಿಯ ಶಾಂತವ್ವ ಗೌಡ್ತಿಯ ಕಾರು ನಮ್ಮ ಗ್ಯಾರೇಜಿಗೆ ಬಂತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು. ಮಾವನ ಕಾಲದ ವಿಲಾಯಿತಿ ಕಾರು, ಕರಿ ಬಣ್ಣ, ಆಮೆಯಂಥ ಬೆನ್ನು. ಗೌಡ್ತಿಗೆ ಎಪ್ಪತ್ತರ ಹತ್ತಿರ. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ತಾವೇ ಸ್ಟೇರಿಂಗು ಹಿಡಿದು, ಟ್ರ್ಯಾಕ್ಟರಿನ ಹಿಂದೆ ಕೂತು ಬಂದಿದ್ದರು. ಇಳಿದವರೇ ಅಬ್ಬಾಗೆ ಹೇಳಿದರು:

‘ನೋಡ್ರಿ ಮಿಸ್ತ್ರಿ, ನಮ್ಮ ಗೌಡ್ರು ಇದ್ದಾಗ ಈ ಗಾಡಿ ನಿಮ್ಮೂರ ಗುಡ್ಡದ ಏರು ಒಂದ್ ಸಲನೂ ಸೀದಾ ಏರಲಿಲ್ಲ. ಅರ್ಧಕ್ಕ ಬಂದ್ ಕೂಡ್ಲೆ, ಭಾರ ಆಕ್ಕೈತಿ, ನೀ ಇಳಿ, ನಡಕೊಂತ ಬಾ ಅಂತಿದ್ರು. ನಲವತ್ತ ವರ್ಷ ನಡದೀನಿ. ಈಗ ಕುಂತ ಏರಬೇಕು. ಅದೂ ನಾನ ಹೊಡಕೊಂಡು.’

ಅಬ್ಬಾ ನಕ್ಕರು. ಆಮೇಲೆ ಎಂಜಿನ್ ಬಿಚ್ಚಿದಾಗ ನಗು ಹೋಯಿತು. ಸಿಲಿಂಡರ್ ಹೆಡ್ಡು ಸೀಳಿತ್ತು. ಹೆಡ್ಡು ಎಂದರೆ ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಬೀಡಿನ, ಅಂದರೆ ಎರಕದ ಕಬ್ಬಿಣದ, ಭಾರೀ ತುಂಡು. ಪೆಟ್ರೋಲು ಬೆರೆತ ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ಅವನ್ನು ಮುಚ್ಚಿ ತೆರೆಯುವ ಎಂಟು ವಾಲ್ವು, ಎಲ್ಲ ಇರುವುದು ಅದರಲ್ಲಿ. ಎರಡು ವಾಲ್ವುಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿದರೆ ನಿಲ್ಲುವಂಥದ್ದಲ್ಲ. ಬೇರೆ ಹೆಡ್ಡು ಹುಡುಕಬೇಕು.

ನರಗುಂದದ ಗುಜರಿ ಅಂಗಡಿಯೊಂದರಲ್ಲಿ ಅಂಥವು ಎರಡು ಇವೆ ಎಂದು ಸುದ್ದಿ ಬಂತು. ಅಬ್ಬಾ ನಸೀಮಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದರು. ನನಗೆ ಪರೀಕ್ಷೆ ಇದೆ ಎಂದು ಅವರೇ ತೀರ್ಮಾನಿಸಿದ್ದರು. ಪರೀಕ್ಷೆ ಇದ್ದದ್ದು ಮುಂದಿನ ವಾರ. ಅವತ್ತು ಇಡೀ ದಿನ ನಾನು ಪುಸ್ತಕದ ಒಂದೇ ಪುಟ ತೆರೆದುಕೊಂಡು ಕೂತಿದ್ದೆ. ಸಂಜೆ ಗೋಣಿಚೀಲದಲ್ಲಿ ಹೆಡ್ಡು ಸುತ್ತಿಕೊಂಡು ಅವರು ಬಂದಾಗ, ಕೈಕಾಲು ತೊಳೆಯುವ ಮೊದಲೇ ಅಬ್ಬಾ ಅಮ್ಮಿಗೆ ಕಥೆ ಹೇಳಲು ಶುರು ಮಾಡಿದರು. ಒಂದು ಹೆಡ್ಡು ಕಾರಿನ ಮೊದಲಿನದರಂಥದ್ದೇ, ಬಣ್ಣ ಬಳಿದು ಹೊಸದರ ಹಾಗೆ ಇಟ್ಟಿದ್ದನಂತೆ. ಇನ್ನೊಂದು ಅದೇ ಕಂಪನಿಯ, ಆದರೆ ಆಮೇಲಿನ ದೊಡ್ಡ ಎಂಜಿನ್ನಿನದು. ದೊಡ್ಡ ವಾಲ್ವು, ಅಗಲವಾದ ದಾರಿಗಳು, ಮೈತುಂಬ ತುಕ್ಕು. ಅಬ್ಬಾ ಮೊದಲನೆಯದಕ್ಕೆ ಕೈ ಹಾಕಿದ್ದರಂತೆ. ಅಷ್ಟರಲ್ಲಿ ನಸೀಮಾ ಪಾನಾ ತೆಗೆದುಕೊಂಡು, ಕುಂಬಾರಗಿತ್ತಿಯ ಹತ್ತಿರ ಗಡಿಗೆ ಕೊಳ್ಳುವಾಗ ಬಾರಿಸಿ ನೋಡುವ ಹಾಗೆ, ಎರಡನ್ನೂ ಬಾರಿಸಿದಳಂತೆ.

‘ಅಬ್ಬಾ, ಬಣ್ಣದ್ದು ಬ್ಯಾಡ. ಅದು ಒಡದೈತಿ. ತುಕ್ಕಿಂದು ಗಂಟಿ ಹಂಗ ನುಡೀತೈತಿ, ಕೇಳ್ರಿ,’ ಎಂದಳಂತೆ.

ಅಂಗಡಿಯವನು ನಕ್ಕನಂತೆ. ಅಬ್ಬಾ ಬಣ್ಣ ಕೆರೆದು, ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸುಣ್ಣದ ಬಳಪ ಉಜ್ಜಿದರಂತೆ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕಪ್ಪು ಗೆರೆ ಎದ್ದು ಬಂತಂತೆ. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆ ಹೊರಗೆ ಒಸರಿತ್ತು. ಈ ಕಥೆಯನ್ನು ಅಬ್ಬಾ ಆ ವಾರದಲ್ಲಿ ಯಾವಗಲ್‌ನಿಂದ ಬಂದ ಟ್ರ್ಯಾಕ್ಟರಿನವರಿಗೂ, ಹಾಲು ಹಾಕುವವಳಿಗೂ, ಮಸೀದಿಯ ಮೆಟ್ಟಿಲಲ್ಲಿ ಸಿಕ್ಕವರಿಗೂ ಹೇಳಿದರು. ಪ್ರತಿ ಸಲ ಅಂಗಡಿಯವನ ನಗು ಇನ್ನಷ್ಟು ದೊಡ್ಡದಾಗುತ್ತಿತ್ತು, ನಸೀಮಾ ಇನ್ನಷ್ಟು ಚಿಕ್ಕವಳಾಗುತ್ತಿದ್ದಳು.

ದೊಡ್ಡ ಎಂಜಿನ್ನಿನ ಹೆಡ್ಡನ್ನು ಚಿಕ್ಕ ಎಂಜಿನ್ನಿಗೆ ಕೂರಿಸುವುದು ಸುಲಭದ ಕೆಲಸವಲ್ಲ. ಅದರ ತಳದಲ್ಲಿ ಪೆಟ್ರೋಲು ಉರಿಯುವ ಗುಳಿಗಳು ದೊಡ್ಡವು. ಹಾಗೇ ಕೂರಿಸಿದರೆ ಗಾಳಿ ಸಾಕಷ್ಟು ಒತ್ತಡಕ್ಕೆ ಸಿಗದೆ, ಗಾಡಿ ಮೊದಲಿಗಿಂತ ಮೆತ್ತಗಾಗುತ್ತದೆ. ಗುಳಿ ಚಿಕ್ಕದಾಗಲು ತಳವನ್ನು ಎಷ್ಟು ಹೆರೆಯಬೇಕು ಎಂಬ ಲೆಕ್ಕ ಬೇಕಿತ್ತು. ಅಬ್ಬಾ ಗುಳಿಯ ಮೇಲೆ ತೂತು ಕೊರೆದ ಗಾಜು ಮುಚ್ಚಿ, ದವಾಖಾನೆಯಿಂದ ತಂದ ಸಿರಿಂಜಿನಿಂದ ಸೀಮೆಎಣ್ಣೆ ತುಂಬಿ, ಎಷ್ಟು ಹಿಡಿಯಿತು ಎಂದು ಅಳೆದುಕೊಂಡು ನನ್ನ ಹತ್ತಿರ ಬಂದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಗಣಿತದ ವಹಿಯ ಹಿಂದಿನ ಪುಟದಲ್ಲಿ ಲೆಕ್ಕ ಮಾಡಿಕೊಟ್ಟೆ. ಎರಡು ಸಲ ತಾಳೆ ನೋಡಿದೆ. ಅಬ್ಬಾ ಅದನ್ನು ಗೋಡೆಯ ಮೇಲೆ ಬಳಪದಿಂದ ಬರೆದುಕೊಂಡರು, ಅದೇ ಲೆಕ್ಕದ ಮೇಲೆ ಗದಗಿನಲ್ಲಿ ತಳ ಹೆರೆಸಿಕೊಂಡು ಬಂದರು. ಒಬ್ಬರಿಗೂ ಅದನ್ನು ಹೇಳಲಿಲ್ಲ. ಹಿಂತಿರುಗಿ ನೋಡಿದರೆ ಅನಿಸುತ್ತದೆ, ನನ್ನ ಲೆಕ್ಕ ತಪ್ಪಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ನಂಬಿಕೆ ಹಾಗೆ ಸದ್ದಿಲ್ಲದೆಯೂ ಇರುತ್ತದೆ ಎಂದು ಹದಿಮೂರು ವರ್ಷದವಳಿಗೆ ಯಾರು ಹೇಳಬೇಕು?

ಗದಗಿನಲ್ಲೇ ಅಬ್ಬಾ ವಾಲ್ವು ಕೂರುವ ಜಾಗಕ್ಕೆಲ್ಲ ಗಟ್ಟಿ ಉಕ್ಕಿನ ಬಳೆಗಳನ್ನೂ ಹೊಡೆಸಿಕೊಂಡು ಬಂದರು. ಪೆಟ್ರೋಲಿನಲ್ಲಿ ಸೀಸ ಹಾಕುವುದು ಆಗಷ್ಟೇ ನಿಂತಿತ್ತು. ಸೀಸವಿಲ್ಲದ ಪೆಟ್ರೋಲಿಗೆ ಹಳೆಯ ಬೀಡು ಲಗೂನೆ ಸವೆಯುತ್ತದೆ ಎಂದು ಅವರು ಗೌಡ್ತಿಗೆ ತಿಳಿಸಿ ಹೇಳಿದ್ದರು. ಇನ್ನೊಂದು ತೊಡಕು, ದೊಡ್ಡ ವಾಲ್ವು ತೆರೆದಾಗ ಕೆಳಗಿನ ಬ್ಲಾಕಿನ, ಅಂದರೆ ಎಂಜಿನ್ನಿನ ಮೈಯ, ಅಂಚಿಗೆ ಬಡಿಯುವ ಹೆದರಿಕೆ. ಅದನ್ನು ನೋಡಲು ಅಬ್ಬಾ ಅಡುಗೆಮನೆಗೆ ಬಂದು, ಅಮ್ಮಿ ನಾದಿಟ್ಟ ಚಪಾತಿ ಹಿಟ್ಟಿನಲ್ಲಿ ಒಂದು ಮುಷ್ಟಿ ಕಿತ್ತುಕೊಂಡರು.

‘ತಿನ್ನೋ ಹಿಟ್ಟು ಅದು! ಎಂಜಿನ್ನಿಗೆ ಉಣಸ್ತೀರೇನು?’ ಎಂದು ಅಮ್ಮಿ ಲಟ್ಟಣಿಗೆ ಹಿಡಿದುಕೊಂಡೇ ಪರದೆಯವರೆಗೆ ಬೆನ್ನಟ್ಟಿದಳು.

‘ಒಂದ ಚಪಾತಿ ಕಡಿಮಿ ತಿಂತೀನಿ ಬಿಡು,’ ಎಂದರು ಅಬ್ಬಾ.

ಹಿಟ್ಟನ್ನು ಬ್ಲಾಕಿನ ಅಂಚಿಗೆ ಒತ್ತಿ, ಹೆಡ್ಡು ಕೂರಿಸಿ, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದರು. ವಾಲ್ವು ಒತ್ತಿದಲ್ಲಿ ಹಿಟ್ಟು ಕಾಗದದಷ್ಟು ತೆಳ್ಳಗಾಗಿತ್ತು. ಅಲ್ಲೆಲ್ಲ ಉಗುರಿನ ಆಕಾರಕ್ಕೆ ಬ್ಲಾಕಿನ ಅಂಚನ್ನು ಉಜ್ಜಿ ಜಾಗ ಮಾಡಿದರು. ಆಮೇಲೆ ಹೆಡ್ಡಿನ ದಾರಿಗಳ ಒಳಮೈ ನಯ ಮಾಡುವ ಕೆಲಸ. ಅಬ್ಬಾ ಅವರ ಬೆರಳು ದಪ್ಪ, ಒಳಗೆ ಹೋಗುತ್ತಿರಲಿಲ್ಲ. ನಸೀಮಾ ಕಿರುಬೆರಳು ತೂರಿಸಿ, ಕಣ್ಣು ಮುಚ್ಚಿಕೊಂಡು, ‘ಇಲ್ಲಿ ಇನ್ನೂ ಗಂಟೈತಿ’ ಎನ್ನುತ್ತಿದ್ದಳು. ನನ್ನ ಬೆರಳೂ ತೆಳ್ಳಗಿತ್ತು. ಒಂದು ದಿನ ರೊಟ್ಟಿ ತಟ್ಟುತ್ತ ಅದನ್ನೇ ನೋಡಿಕೊಂಡೆ. ಯಾರೂ ಕೇಳಲಿಲ್ಲ. ನಾನೂ ಹೋಗಿ ಕೇಳಲಿಲ್ಲ.

ಕೊನೆಗೆ ಉಳಿದದ್ದು ವಾಲ್ವು ತಿಕ್ಕುವುದು. ಪ್ರತಿ ವಾಲ್ವಿಗೂ ಮರಳು ಮರಳಾದ ಪೇಸ್ಟು ಹಚ್ಚಿ, ಅದರದೇ ಬಳೆಯ ಮೇಲೆ ಇಟ್ಟು, ರಬ್ಬರಿನ ಬಟ್ಟಲಿದ್ದ ಕೋಲಿನಿಂದ ಹಿಂದೆ ಮುಂದೆ ತಿರುಗಿಸಿ ತಿಕ್ಕಬೇಕು. ಎರಡಕ್ಕೂ ಬೂದಿ ಬಣ್ಣದ ಒಂದೇ ಸಮನಾದ ಉಂಗುರ ಮೂಡಿದರೆ ಅವು ಒಂದಕ್ಕೊಂದು ಹೊಂದಿದವು. ಹಾಗೆ ಹೊಂದಿದ ಮೇಲೆ ಆ ವಾಲ್ವು ಆ ಬಳೆಗೇ. ಬೇರೆಡೆ ಕೂರಿಸಿದರೆ ಸೋರುತ್ತದೆ. ಸಾಲಿಗೆ ಸೂಟಿ ಬಿಟ್ಟಿತ್ತು, ನಸೀಮಾ ನಾಲ್ಕು ದಿನ ತಿಕ್ಕಿದಳು. ಪೇಸ್ಟಿನ ಸದ್ದು ಕರಕರದಿಂದ ಸರಸರಕ್ಕೆ ತಿರುಗಿದಾಗ ನಿಲ್ಲಿಸುತ್ತಿದ್ದಳು. ಗುರುವಾರ ಸಂಜೆ ಸೀಮೆಎಣ್ಣೆ ಸುರಿದು ನೋಡಿದರು, ಎಂಟರಲ್ಲಿ ಒಂದೂ ಸೋರಲಿಲ್ಲ. ವಾಲ್ವುಗಳನ್ನು ತೊಳೆದು, ಎಂಟು ತೂತಿನ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಎದುರಿಗೆ ಬಳಪದಿಂದ ನಂಬರು ಬರೆದು ಒಣಗಲಿಟ್ಟರು. ಊಟದ ಹೊತ್ತಿಗೆ ಅಬ್ಬಾ ತಮ್ಮ ತಾಟಿನಿಂದ ಮಾಂಸದ ತುಂಡೊಂದನ್ನು ಎತ್ತಿ ಅವಳ ತಾಟಿಗೆ ಹಾಕಿದರು. ‘ನನ್ನ ಉಸ್ತಾದ್’ ಎಂದರು. ನಾನು ತಾಟು ಸರಿಸಿ ಎದ್ದೆ.

ಮರುದಿನ ಶುಕ್ರವಾರ. ಅಬ್ಬಾ ಮಧ್ಯಾಹ್ನದ ನಮಾಜಿಗೆ ಹೋದರು. ಹಿಟ್ಟಿನ ಗಿರಣಿಗೆ ಹೋಗುವ ಸರದಿ ನನ್ನದು. ಹೊಟ್ಟೆ ನೋವು ಎಂದೆ, ಅಮ್ಮಿ ನಸೀಮಾಳನ್ನು ಕಳಿಸಿದಳು. ಅಮ್ಮಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಲೇ ನಾನು ಪರದೆ ಸರಿಸಿ ಗ್ಯಾರೇಜಿಗೆ ಇಳಿದೆ. ಎರಡನೆಯ ಸಿಲಿಂಡರಿನ ಹೊಗೆ ವಾಲ್ವನ್ನು ತೆಗೆದು ಮೂರನೆಯದರ ತೂತಿಗೆ, ಮೂರನೆಯದನ್ನು ಎರಡನೆಯದಕ್ಕೆ ಇಟ್ಟೆ. ಎರಡೂ ನೋಡಲು ಒಂದೇ ಥರ. ಉಸಿರು ಎಳೆದು ಬಿಡುವಷ್ಟರಲ್ಲಿ ಕೆಲಸ ಮುಗಿಯಿತು. ಒಳಗೆ ಬಂದು ಕೈ ತೊಳೆದು, ಹೊಟ್ಟೆ ನೋವಿನವಳಂತೆ ಮಲಗಿಕೊಂಡೆ.

ಶನಿವಾರ ನಸೀಮಾ ಹಲಗೆಯ ನಂಬರಿನಂತೆ ವಾಲ್ವು ಕೂರಿಸಿದಳು, ಅಬ್ಬಾ ಹೆಡ್ಡು ಬಿಗಿದರು. ಭಾನುವಾರ ಗೌಡ್ತಿ ಬಂದರು. ಬಾನೆಟ್ಟಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು, ಅಬ್ಬಾ ಬಿಸ್ಮಿಲ್ಲಾ ಎಂದು ಕೀಲಿ ತಿರುಗಿಸಿದರು. ಎಂಜಿನ್ನು ಹತ್ತಿಕೊಂಡಿತು. ಹತ್ತಿಕೊಂಡು, ಕುಂಟಿತು. ಇಡೀ ಗಾಡಿ ಅಲುಗಾಡುತ್ತ, ಹಿಂದಿನ ಕೊಳವೆಯಿಂದ ಫಸ್ ಫಸ್ ಎಂದು ಉಗುಳುತ್ತ ನಿಂತುಬಿಟ್ಟಿತು. ಅಬ್ಬಾ ಏನೇನೋ ತಿರುಗಿಸಿ ನೋಡಿದರು. ನಸೀಮಾ ಸ್ಕ್ರೂಡ್ರೈವರಿಗೆ ಕಿವಿ ಹಚ್ಚಿ, ಬಿಳಿಚಿಕೊಂಡು, ‘ಎರಡು, ಮೂರು’ ಎಂದಳು. ಗೌಡ್ತಿ ಕುರ್ಚಿಯಲ್ಲಿ ಕೂತೇ ಇದ್ದರು. ಅಬ್ಬಾ ಹೆಡ್ಡನ್ನು ಮತ್ತೆ ಬಿಚ್ಚಿ, ಸೀಮೆಎಣ್ಣೆ ಸುರಿದರು. ಎರಡು ಕಡೆ ಸೋರಿತು. ಆ ಎರಡು ವಾಲ್ವನ್ನು ಅದಲು ಬದಲು ಮಾಡಿ ಸುರಿದರು. ಒಂದೆರಡು ಹನಿ ಬಿಟ್ಟರೆ ಸೋರುವುದು ನಿಂತಿತು. ಅವರು ಎದ್ದು ನಿಂತರು.

‘ನಂಬರ ನೋಡಿ ಹಾಕು ಅಂದಿದ್ನಿಲ್ಲ?’

‘ನೋಡೇ ಹಾಕೀನ್ರಿ ಅಬ್ಬಾ.’

‘ಹಂಗಾರ ಇವು ತಾವ ನಡದ ಬಂದವೇನು?’

‘ಖರೇನ ನೋಡೀನ್ರಿ.’

‘ತಪ್ಪ ಯಾರೂ ಮಾಡ್ತಾರ. ಸುಳ್ಳ ಹೇಳಬ್ಯಾಡ. ಒಳಗ ಹೋಗು. ಇನ್ನ ಇತ್ತಾಗ ಬರಬ್ಯಾಡ.’

ಗೌಡ್ತಿಯ ಎದುರಿಗೇ ಹೇಳಿದರು. ನಸೀಮಾ ಪರದೆ ಸರಿಸಿ ನನ್ನ ಮಗ್ಗುಲಲ್ಲೇ ಹಾದು ಒಳಗೆ ಹೋದಳು. ನನಗೆ ಆಗ ಆದದ್ದು ಸಂತೋಷವೇ. ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ.

ಮರುದಿನದಿಂದ ನಾನು ಹೊರಗೆ, ಅವಳು ಒಳಗೆ. ಅಬ್ಬಾ ನನ್ನನ್ನು ಕರೆದರು, ಕನ್ನಡದಲ್ಲಿಯೇ ಕರೆದರು. ತಪ್ಪು ವಾಲ್ವಿನಲ್ಲಿ ಓಡಿದ ಎರಡು ಬಳೆಗಳನ್ನು ಮತ್ತೆ ತಿಕ್ಕಬೇಕಿತ್ತು. ಕೋಲು ಕೈಗೆ ಕೊಟ್ಟು, ‘ಸದ್ದ ಬದಲಾತೇನ, ಕೇಳು’ ಎಂದರು. ನನಗೆ ಕೇಳಿಸುತ್ತಿದ್ದದ್ದು ಮೊದಲಿಂದ ಕೊನೆವರೆಗೆ ಒಂದೇ ಸದ್ದು. ‘ಬದಲಾತ್ರಿ’ ಎಂದೆ. ಅವರು ಎತ್ತಿ ನೋಡಿದರೆ ಉಂಗುರ ಅರ್ಧವೂ ಮೂಡಿರಲಿಲ್ಲ. ಬೈಯಲಿಲ್ಲ. ಒಳಗಡೆ ನಸೀಮಾ ರೊಟ್ಟಿ ಸುಟ್ಟುಹಾಕುತ್ತಿದ್ದಳು, ಅಮ್ಮಿ ಬೈಯುತ್ತಿದ್ದಳು. ಮೂರನೆಯ ದಿನ ಇಬ್ಬರೂ ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದಾಗ ನಸೀಮಾ ಮೆಲ್ಲಗೆ ಕೇಳಿದಳು:

‘ಆಪಾ, ನಾ ಖರೇನ ತಪ್ಪ ಹಾಕಿದ್ನೇನು? ನಂಬರ ನೋಡಿದ್ದು ನೆನಪೈತಿ. ಆದರ ಅಬ್ಬಾ ಹಂಗ ಅಂದ ಮ್ಯಾಲ, ನೋಡಿದ್ನೋ, ನೋಡೀನಿ ಅಂತ ಅನ್ಕೊಂಡ್ನೋ, ತಿಳೀವಲ್ದು. ಮೊನ್ನಿ ಸೈಕಲ್ಲಿನ ಚೈನ ಸದ್ದೂ ಗೊತ್ತಾಗಲಿಲ್ಲ.’

ಅವಳನ್ನು ಗ್ಯಾರೇಜಿನಿಂದ ಹೊರಗೆ ಹಾಕಬೇಕೆಂದು ನಾನು ಬಯಸಿದ್ದು ನಿಜ. ಅವಳ ಕಿವಿಯೇ ಅವಳನ್ನು ಬಿಟ್ಟುಹೋಗಲಿ ಎಂದು ಬಯಸಿದ್ದೆನೋ ಇಲ್ಲವೋ, ಈಗಲೂ ಆಣೆ ಮಾಡಿ ಹೇಳಲಾರೆ. ಆದರೆ ಅದು ಕಣ್ಣೆದುರು ನಡೆಯುತ್ತಿರುವುದನ್ನು ನೋಡಲು ಆಗಲಿಲ್ಲ. ಕೈಯಲ್ಲಿದ್ದ ಸೊಪ್ಪು ಹಾಗೇ ಬಿಟ್ಟು, ಪರದೆ ಸರಿಸಿ, ಅಬ್ಬಾ ಅವರ ಮುಂದೆ ನಿಂತು ಹೇಳಿದೆ. ಮಧ್ಯೆ ನಿಲ್ಲಿಸದೆ, ಹೊಟ್ಟೆ ನೋವಿನ ಸುಳ್ಳೂ ಸೇರಿಸಿ.

ಅಬ್ಬಾ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಸಾಬೂನು ಹಚ್ಚಿ ಮೊಳಕೈವರೆಗೆ ಕೈ ತೊಳೆದುಕೊಂಡು ಒಳಗೆ ಹೋದರು. ನಸೀಮಾ ಒಲೆಯ ಮುಂದೆ ಕೂತಿದ್ದಳು. ಅವಳೆದುರು ಫರಸಿಯ ಮೇಲೆ ಕುಕ್ಕುರುಗಾಲಲ್ಲಿ ಕೂತು, ‘ನೀ ಸುಳ್ಳ ಹೇಳಿದ್ದಿಲ್ಲ. ನಂದು ತಪ್ಪಾತು,’ ಎಂದರು. ಗ್ಯಾರೇಜಿನ ಆ ಕನ್ನಡ ಒಲೆಯ ಮುಂದೆ ಕೇಳಿದ್ದು ಅದೇ ಮೊದಲು. ನಸೀಮಾ ಅವರ ಭುಜದಾಚೆ ನನ್ನನ್ನು ನೋಡಿದಳು. ಎದ್ದು ಬಂದು ನನ್ನ ಮುಂಗೈಯನ್ನು ಕಚ್ಚಿದಳು, ಹಲ್ಲು ಮೂಡುವ ಹಾಗೆ. ಅಮ್ಮಿ ಬಿಡಿಸಲು ಬಂದರೆ ಅಬ್ಬಾ ತಡೆದರು.

‘ಗೌಡ್ತಿ ಮುಂದ ನಾ ಅಕಿಗೆ ಸುಳ್ಳಿ ಅಂದೀನಿ,’ ಎಂದರು ನನಗೆ. ‘ನಾಳಿ ಅಬ್ಬಿಗೇರಿಗೆ ಹೋಗೂಣು. ನೀನ ಹೇಳಬೇಕು.’

ಮರುದಿನ ಬಸ್ಸಿನಲ್ಲಿ ಹೋದೆವು. ಗೌಡ್ತಿ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ನಿಂತುಕೊಂಡು ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

‘ಸಿಟ್ಟ ಯಾರ ಮ್ಯಾಲಿತ್ತವಾ? ತಂಗಿ ಮ್ಯಾಲೋ, ಅಪ್ಪನ ಮ್ಯಾಲೋ?’

ಪಕ್ಕದಲ್ಲಿ ಅಬ್ಬಾ ಟೋಪಿ ತೆಗೆದು ಕೈಯಲ್ಲಿ ಹಿಡಿದು, ನೆಲ ನೋಡುತ್ತ ನಿಂತಿದ್ದರು. ಗೌಡ್ತಿ ಒಂದು ಹಿಡಿ ಶೇಂಗಾಬೀಜ ನನ್ನ ಕೈಗೆ ಹಾಕಿದರು.

‘ಗಾಡಿ ತಯಾರಾದ ದಿನ ಇಬ್ರೂ ಬರ್ರಿ. ಆದರ ಮುಂದ ಕುಂದ್ರಾಕಿ ನಿನ್ನ ತಂಗಿ,’ ಎಂದರು.

ಆ ಎರಡು ವಾಲ್ವನ್ನು ನಾನೇ ತಿಕ್ಕಬೇಕು, ನಸೀಮಾ ಸಾಕು ಎಂದ ಮೇಲೆ ನಿಲ್ಲಿಸಬೇಕು ಎಂದು ಅಬ್ಬಾ ಹೇಳಿದರು. ಅವಳು ನನ್ನೆದುರು ಡಬ್ಬದ ಮೇಲೆ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ‘ಇಲ್ಲ,’ ಎನ್ನುತ್ತಿದ್ದಳು. ಅಂಗೈಯಲ್ಲಿ ಗುಳ್ಳೆಗಳೆದ್ದು ಒಡೆದವು. ಎರಡನೆಯ ದಿನದ ಹೊತ್ತಿಗೆ ಅವಳ ‘ಇಲ್ಲ’ಗಳಲ್ಲಿ ಕೆಲವು ವಾಲ್ವಿಗಾಗಿ, ಕೆಲವು ನನಗಾಗಿ ಎಂದು ಅನುಮಾನ ಬಂತು. ತಿಕ್ಕುತ್ತಲೇ ಹೋದೆ. ಕೊನೆಗೆ ಅವಳು ‘ಹ್ಞೂಂ’ ಎಂದಾಗ ಎತ್ತಿ ನೋಡಿದೆ. ಉಂಗುರ ಒಂದೇ ಸಮನಾಗಿ, ಕಾಡಿಗೆ ತೀಡಿದ ಹಾಗೆ ಮೂಡಿತ್ತು.

ಗುಡ್ಡ ಏರಿದ ದಿನ ಬಿಸಿಲು ಇನ್ನೂ ಎಳೆಯದಿತ್ತು. ಸ್ಟೇರಿಂಗಿನಲ್ಲಿ ಗೌಡ್ತಿ, ಪಕ್ಕದಲ್ಲಿ ನಸೀಮಾ, ಹಿಂದೆ ಅಬ್ಬಾ ಮತ್ತು ನಾನು. ಏರಿನ ಅರ್ಧಕ್ಕೆ, ಅವರು ಇಳಿದು ನಡೆಯುತ್ತಿದ್ದ ತಿರುವು ಬಂದಾಗ, ಗೌಡ್ತಿ ಗೇರು ಇಳಿಸಲಿಲ್ಲ. ಗಾಡಿ ಒಮ್ಮೆ ಹಿಂಜರಿದು, ಒಳಗಿಂದ ಗುಡುಗಿ, ಏರಿತು. ‘ಏರಿತಲ್ಲೋ ಗೌಡಾ!’ ಎಂದು ಅವರು ಕೂಗಿದ್ದು ಸತ್ತ ಗಂಡನಿಗೆ. ಸೆರಗು ಹೆಗಲಿಗೆ ಜಾರಿತ್ತು. ಹಿಂದೆ ಅಬ್ಬಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡರು.

ಮೇಲೆ ಬಯಲಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದರು. ನಸೀಮಾ ಬಾಗಿ ಕಿವಿ ಕೊಟ್ಟಳು. ಅವಳ ಮುಖದಲ್ಲಿ ಒಂದು ಮುಗುಳ್ನಗೆ ಬಂತು, ಯಾರಿಗೂ ತೋರಿಸಲಿಕ್ಕಲ್ಲದ್ದು. ನಾನೂ ಪಕ್ಕದಲ್ಲಿ ಬಾಗಿದೆ. ನನಗೆ ಕೇಳಿಸಿದ್ದು ಎಂಜಿನ್ನಿನ ಸದ್ದು, ಅಷ್ಟೇ. ಅಲ್ಲಿಯವರೆಗೆ ನಾನು ಅವಳನ್ನು ಒಮ್ಮೆಯೂ ಕೇಳದೇ ಇದ್ದದ್ದನ್ನು ಆಗ ಕೇಳಿದೆ:

‘ನಸೀಮಾ, ನಿನಗ ಏನ್ ಕೇಳಸ್ತೈತಿ?’

ಅವಳು ನನ್ನನ್ನು ನೋಡಿದಳು. ಹೇಳುತ್ತಾಳೆ ಎಂದುಕೊಂಡೆ.

‘ನಿನಗ ಹೇಳಂಗಿಲ್ಲ,’ ಎಂದಳು.

ಬಾನೆಟ್ ಮುಚ್ಚಿ, ಹಿಂತಿರುಗಿ ನೋಡದೆ ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ ಕೂತೆ. ಇಳಿಜಾರಿನುದ್ದಕ್ಕೂ ಅವಳ ಜಡೆಯನ್ನೇ ನೋಡುತ್ತಿದ್ದೆ. ಹೊಟ್ಟೆಯೊಳಗಿನ ಆ ಉರಿ ಹೋಗಿರಲಿಲ್ಲ, ಹಾಗೇ ಇತ್ತು. ಆದರೆ ಅದು ನನ್ನದು, ಅವಳು ಹಚ್ಚಿದ್ದಲ್ಲ ಎಂಬುದು ಅಂದು ಗುಡ್ಡ ಇಳಿಯುವಷ್ಟರಲ್ಲಿ ನನಗೆ ಗೊತ್ತಾಗಿತ್ತು.